ಶತ್ರುವಿನ ಪತ್ರಿಕೆ ಕತ್ತರಿಸಿಟ್ಟು ಕಟ್ಟಿದ ಸಂಗ್ರಹ: ವೀನರ್ ಲೈಬ್ರರಿಯನ್ನು ಬಳಸಿದವರು, ಅದಕ್ಕೆ ದುಡ್ಡು ಕೊಟ್ಟವರು

ದಾಖಲೆ ಸಂಗ್ರಹ ಅಂದ ಕೂಡಲೇ ನಮ್ಮ ತಲೆಗೆ ಬರುವುದು ಸರ್ಕಾರಿ ಕಟ್ಟಡ, ದಾರ ಕಟ್ಟಿದ ಕಡತ, ಅನುಮತಿ ಪತ್ರ. ಘಟನೆ ಮುಗಿದು ಎಷ್ಟೋ ವರ್ಷವಾದ ಮೇಲೆ ಯಾರೋ ಅಧಿಕಾರಿ ಬೇಡದ್ದನ್ನು ಬಿಸಾಕಿ ಬೇಕಾದ್ದನ್ನು ಎತ್ತಿಡುತ್ತಾರೆ. ಆಮೇಲೆ ಇತಿಹಾಸಕಾರರು ಬರುತ್ತಾರೆ. ಲಂಡನ್ನಿನ ವೀನರ್ ಲೈಬ್ರರಿ ಹುಟ್ಟಿದ ದಾರಿಯೇ ಬೇರೆ. ಅದನ್ನು ಶುರು ಮಾಡಿದವರಿಗೆ ಇತಿಹಾಸ ಬರೆಯುವ ಆಸೆ ಇರಲಿಲ್ಲ. ಅವರಿಗೆ ಬೇಕಿದ್ದದ್ದು ಹಿಟ್ಲರನ ಪಕ್ಷವನ್ನು ತಡೆಯುವುದು. ಅದಕ್ಕಾಗಿ ಆ ಪಕ್ಷದ ಪತ್ರಿಕೆ, ಕರಪತ್ರ, ಭಾಷಣ ಎಲ್ಲವನ್ನೂ ದಿನಾ ಓದಿ, ಕತ್ತರಿಸಿ, ವಿಷಯವಾರು ಜೋಡಿಸಿ ಇಡುತ್ತಿದ್ದರು. ತಡೆಯಲು ಆಗಲಿಲ್ಲ. ಆದರೆ ಆ ಅಭ್ಯಾಸ ನಿಲ್ಲಲಿಲ್ಲ, ಅದರಿಂದ ಹುಟ್ಟಿದ ಸಂಗ್ರಹದಲ್ಲಿ ಇವತ್ತು ಹತ್ತು ಲಕ್ಷಕ್ಕೂ ಹೆಚ್ಚು ವಸ್ತುಗಳಿವೆ.

ಈ ಪ್ರಕರಣವನ್ನು ನಾನು ಎರಡು ಪ್ರಶ್ನೆ ಹಿಡಿದು ನೋಡಿದ್ದೇನೆ. ಯಾವ ಕಾಲದಲ್ಲಿ ಈ ಕಾಗದಗಳನ್ನು ಯಾರು ಬಳಸಿದರು? ಅದಕ್ಕೆ ದುಡ್ಡು ಯಾರು ಕೊಟ್ಟರು? ಬಹಳ ಸಲ ಎರಡಕ್ಕೂ ಉತ್ತರ ಒಂದೇ. ಬಳಸುವವರು ಎದ್ದು ಹೋದಾಗ ದುಡ್ಡೂ ಅವರ ಜೊತೆಗೇ ಹೋಗಿದೆ. ಪ್ರತಿ ಸಲ ಹೊಸ ಬಳಕೆದಾರರು ಸಿಗುವ ತನಕ ಸಂಸ್ಥೆ ಏದುಸಿರು ಬಿಟ್ಟಿದೆ.

ಅರಬ್ಬಿ ಓದಿದ ಜರ್ಮನ್

ಆಲ್ಫ್ರೆಡ್ ವೀನರ್ 1885ರಲ್ಲಿ ಬರ್ಲಿನ್ ಪಕ್ಕದ ಪಾಟ್ಸ್‌ಡಾಮ್‌ನಲ್ಲಿ ಹುಟ್ಟಿದರು. ಯಹೂದಿ ವ್ಯಾಪಾರಿ ಕುಟುಂಬ. ಅರಬ್ಬಿ ಸಾಹಿತ್ಯ ಓದಿ ಹೈಡೆಲ್‌ಬರ್ಗ್‌ನಲ್ಲಿ ಡಾಕ್ಟರೇಟ್ ತೆಗೆದುಕೊಂಡರು. ಮಧ್ಯಪ್ರಾಚ್ಯ ಸುತ್ತಿದರು. ಮೊದಲ ಮಹಾಯುದ್ಧದಲ್ಲಿ ಜರ್ಮನ್ ಸೈನ್ಯದಲ್ಲಿದ್ದು ಐರನ್ ಕ್ರಾಸ್ ಪದಕ ಗಳಿಸಿದರು. ತಾನು ಮೊದಲು ಜರ್ಮನ್, ತನ್ನ ಧರ್ಮ ಯಹೂದಿ ಅಂತ ನಂಬಿದ್ದ ತಲೆಮಾರು ಅದು. ಪ್ಯಾಲೆಸ್ಟೈನಿಗೆ ಹೋಗಿ ನೆಲೆಸೋಣ ಅನ್ನುವ ಝಿಯಾನಿಸ್ಟರ ವಾದ ಅವರಿಗೆ ಒಪ್ಪಿಗೆಯಾಗಿರಲಿಲ್ಲ, 1920ರ ದಶಕದಲ್ಲಿ ಅಲ್ಲಿಗೇ ಹೋಗಿ ಬಂದು ಟೀಕಿಸಿ ಬರೆದರು ಕೂಡ. ಈ ಸಂಗತಿ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಯುದ್ಧ ಸೋತು ಮನೆಗೆ ಬಂದ ಜರ್ಮನಿಯಲ್ಲಿ ಎಲ್ಲದಕ್ಕೂ ಯಹೂದಿಗಳೇ ಕಾರಣ ಅನ್ನುವ ಮಾತು ಜೋರಾಗಿತ್ತು. ವೀನರ್ 1919ರಲ್ಲೇ ಒಂದು ಕಿರುಹೊತ್ತಿಗೆ ಬರೆದು, ಇದು ಸಾಮೂಹಿಕ ಹಲ್ಲೆ ಕೊಲೆಗಳಿಗೆ ಹೋಗಿ ಮುಟ್ಟಬಹುದು ಅಂತ ಎಚ್ಚರಿಸಿದರು. ಅವರು ಕೆಲಸ ಮಾಡುತ್ತಿದ್ದದ್ದು ಜರ್ಮನ್ ಯಹೂದಿಗಳ ದೊಡ್ಡ ಸಂಘವಾದ ಸೆಂಟ್ರಾಲ್‌ಫೆರೈನ್‌ನಲ್ಲಿ. ಈ ಸಂಘ ಬರ್ಲಿನ್ನಿನ ವಿಲ್ಹೆಲ್ಮ್‌ಸ್ಟ್ರಾಸೆಯಲ್ಲಿ ಒಂದು ಕಚೇರಿ ತೆರೆಯಿತು. ಹೊರಗಿನಿಂದ ನೋಡಿದವರಿಗೆ ಅದು ಯಾರದ್ದು ಅಂತ ಗೊತ್ತಾಗುತ್ತಿರಲಿಲ್ಲ. ಒಳಗೆ ನಾಜಿ ಪಕ್ಷದ ಬಗ್ಗೆ ಸಿಕ್ಕಿದ್ದನ್ನೆಲ್ಲ ಕೂಡಿಹಾಕುವ ಕೆಲಸ ನಡೆಯುತ್ತಿತ್ತು. ಯಾವ ಊರಿನ ಯಾವ ಮುಖಂಡ ಯಾವ ದಿನ ಏನು ಹೇಳಿದ, ಯಾರ ಮೇಲೆ ಯಾವ ಕೇಸು ಇದೆ, ನಿನ್ನೆ ಹೇಳಿದ್ದಕ್ಕೂ ಇವತ್ತು ಹೇಳಿದ್ದಕ್ಕೂ ಎಲ್ಲಿ ತಾಳೆಯಿಲ್ಲ. ಅಲ್ಲಿಂದ ಪ್ರಜಾಪ್ರಭುತ್ವದ ಪರ ಇದ್ದ ಪಕ್ಷಗಳಿಗೆ, ಮುಖ್ಯವಾಗಿ ಸೋಶಿಯಲ್ ಡೆಮಾಕ್ರಾಟರಿಗೆ, ಚುನಾವಣೆ ಸಾಮಗ್ರಿ ಹೋಗುತ್ತಿತ್ತು.

1928ರ ಚುನಾವಣೆಯಲ್ಲಿ ನಾಜಿಗಳಿಗೆ ಸಿಕ್ಕಿದ್ದು ಶೇಕಡ 2.6 ಮತ, 12 ಸೀಟು. ಇವರಿಗೆ ಇಷ್ಟೊಂದು ತಲೆ ಕೆಡಿಸಿಕೊಳ್ಳಬೇಕಾ ಅಂತ ಆಗ ಕೇಳಿದವರು ದಡ್ಡರೇನೂ ಆಗಿರಲಿಲ್ಲ. ಎರಡೇ ವರ್ಷದಲ್ಲಿ, 1930ರ ಸೆಪ್ಟೆಂಬರ್‌ನಲ್ಲಿ, ಸೀಟು 107 ಆಯಿತು. 1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ. ವಿಲ್ಹೆಲ್ಮ್‌ಸ್ಟ್ರಾಸೆಯ ಆ ಮೊದಲ ಸಂಗ್ರಹ ಉಳಿಯಲಿಲ್ಲ. ವೀನರ್ ಹೆಂಡತಿ ಮಕ್ಕಳ ಜೊತೆ ಆಮ್‌ಸ್ಟರ್‌ಡಾಮಿಗೆ ಹೋದರು.

ಆಮ್‌ಸ್ಟರ್‌ಡಾಮ್: ಮೊದಲಿನಿಂದ ಮತ್ತೆ

ಅಲ್ಲಿ ಪ್ರಾಚೀನ ಇತಿಹಾಸದ ಪ್ರಾಧ್ಯಾಪಕ ಡಾವಿಡ್ ಕೋಹೆನ್ ಅವರ ಜೊತೆ ಸೇರಿ ಯಹೂದಿ ಕೇಂದ್ರ ಮಾಹಿತಿ ಕಚೇರಿ ಅನ್ನುವ ಸಂಸ್ಥೆ ಕಟ್ಟಿದರು. ಇವತ್ತಿನ ಲೈಬ್ರರಿ ತನ್ನ ಹುಟ್ಟಿದ ವರ್ಷ 1933 ಅಂತ ಹೇಳಿಕೊಳ್ಳುವುದು ಇದರಿಂದಲೇ. ಕೆಲಸ ಹಳೆಯದೇ: ಓದು, ಕತ್ತರಿಸು, ಜೋಡಿಸು, ಕೇಳಿದವರಿಗೆ ಕೊಡು. ಆದರೆ ಗಿರಾಕಿಗಳು ಬದಲಾಗಿದ್ದರು. ಈಗ ಕೇಳುತ್ತಿದ್ದವರು ಬೇರೆ ಬೇರೆ ದೇಶದ ಪತ್ರಕರ್ತರು, ವಕೀಲರು, ಯಹೂದಿ ಸಂಘಗಳು.

ಈ ಸಂಗ್ರಹಕ್ಕೆ ಬಂದ ಮೊದಲ ದೊಡ್ಡ ಪರೀಕ್ಷೆ ಸ್ವಿಟ್ಜರ್ಲೆಂಡಿನ ಬರ್ನ್ ನಗರದ ಕೋರ್ಟಿನಲ್ಲಿ. ಯಹೂದಿಗಳು ಗುಟ್ಟಾಗಿ ಸೇರಿ ಜಗತ್ತನ್ನು ಆಳಲು ಸಂಚು ಮಾಡಿದ್ದಾರೆ ಅಂತ ಹೇಳುವ 'ಪ್ರೊಟೊಕಾಲ್ಸ್' ಎಂಬ ಹೊತ್ತಿಗೆಯನ್ನು ಅಲ್ಲಿನ ನಾಜಿಪರ ಗುಂಪೊಂದು ಹಂಚಿತ್ತು. ರಷ್ಯಾದಲ್ಲಿ 1903ರಲ್ಲಿ ಮೊದಲು ಅಚ್ಚಾದ ಈ ಹೊತ್ತಿಗೆ ಶುದ್ಧ ಖೋಟಾ. ಮೂರನೇ ನೆಪೋಲಿಯನ್ನನನ್ನು ಗೇಲಿ ಮಾಡಲು 1864ರಲ್ಲಿ ಫ್ರೆಂಚರೊಬ್ಬರು ಬರೆದ ಪುಸ್ತಕದಿಂದ ಪುಟಗಟ್ಟಲೆ ಕದ್ದು, ಹೆಸರು ಬದಲಿಸಿ ಮಾಡಿದ್ದು. ಲಂಡನ್ನಿನ ಟೈಮ್ಸ್ ಪತ್ರಿಕೆ 1921ರಲ್ಲೇ ಇದನ್ನು ಬಯಲು ಮಾಡಿತ್ತು. ಆದರೂ ನಂಬುವವರು ನಂಬುತ್ತಲೇ ಇದ್ದರು, ಈಗಲೂ ಇದ್ದಾರೆ. ಸ್ವಿಸ್ ಯಹೂದಿಗಳು ಕೇಸು ಹಾಕಿದಾಗ ಅವರಿಗೆ ಬೇಕಾದ ಸಾಕ್ಷ್ಯ ಒದಗಿಸುವುದರಲ್ಲಿ ವೀನರ್ ಕಚೇರಿಯ ಪಾಲಿತ್ತು. 1935ರ ಮೇ ತಿಂಗಳಲ್ಲಿ ನ್ಯಾಯಾಧೀಶರು ಇದು ಖೋಟಾ ಅಂತ ತೀರ್ಪು ಕೊಟ್ಟರು. 1937ರಲ್ಲಿ ಮೇಲ್ಮನವಿಯಲ್ಲಿ ಆ ತೀರ್ಪು ಬಿತ್ತು. ಹೊತ್ತಿಗೆ ಅಸಲಿ ಅಂತ ಸಾಬೀತಾಗಿ ಬಿದ್ದದ್ದಲ್ಲ, ಕೇಸು ಹಾಕಿದ ಕಾಯ್ದೆಯೇ ಇದಕ್ಕೆ ಅನ್ವಯಿಸುವುದಿಲ್ಲ ಅನ್ನುವ ಕಾರಣಕ್ಕೆ.

ವೀನರ್ ಕಚೇರಿಯ ಗುಣ ಇಲ್ಲಿ ಕಾಣುತ್ತದೆ. ಅವರು ಪಕ್ಷ ಹಿಡಿದವರು, ಅದನ್ನು ಮುಚ್ಚಿಡಲಿಲ್ಲ. ಆದರೆ ಕೋರ್ಟಿನಲ್ಲಿ ಎದುರಿನವರ ವಕೀಲ ಒಂದು ತಾರೀಖು ತಪ್ಪಿದರೂ ಹಿಡಿದು ಜಾಡಿಸುತ್ತಾನೆ ಅಂತ ಅವರಿಗೆ ಗೊತ್ತಿತ್ತು. ಹಾಗಾಗಿ ಯಾವ ಪತ್ರಿಕೆ, ಯಾವ ದಿನ ಅನ್ನುವುದು ತುಣುಕಿನ ಜೊತೆಗೇ ಇರಬೇಕಿತ್ತು. ಸಮಕಾಲೀನ ದಾಖಲೆ ಕೂಡಿಡುವವರು ತಟಸ್ಥರಾಗಿರಬೇಕು ಅಂತ ಉಪದೇಶ ಮಾಡುವವರು ಜಾಸ್ತಿ. ನನಗೆ ಕಂಡಂತೆ ಇಲ್ಲಿ ಶಿಸ್ತು ಬಂದದ್ದು ತಟಸ್ಥತೆಯಿಂದ ಅಲ್ಲ, ಎದುರಾಳಿಯ ಭಯದಿಂದ.

1938ರ ನವೆಂಬರ್ 9ರ ರಾತ್ರಿ ಜರ್ಮನಿ, ಆಸ್ಟ್ರಿಯಾದ ಉದ್ದಗಲಕ್ಕೂ ಯಹೂದಿಗಳ ಪ್ರಾರ್ಥನಾ ಮಂದಿರಗಳಾದ ಸಿನಗಾಗ್‌ಗಳಿಗೆ ಬೆಂಕಿ ಬಿತ್ತು, ಯಹೂದಿಗಳ ಅಂಗಡಿ ಮನೆ ಒಡೆದರು, ಸುಮಾರು 30,000 ಗಂಡಸರನ್ನು ಹಿಡಿದು ಡಾಖಾವ್, ಬೂಖನ್‌ವಾಲ್ಡ್, ಜಾಕ್ಸನ್‌ಹೌಸನ್ ಶಿಬಿರಗಳಿಗೆ ತಳ್ಳಿದರು. ಕ್ರಿಸ್ಟಲ್‌ನಾಖ್ಟ್ ಅಂತ ನಾವು ಪಠ್ಯದಲ್ಲಿ ಓದಿದ್ದು ಇದನ್ನೇ. ಆಮ್‌ಸ್ಟರ್‌ಡಾಮ್ ಕಚೇರಿ ಕೂಡಲೇ ಕೆಲಸಕ್ಕೆ ಇಳಿಯಿತು. ಗಡಿ ದಾಟಿ ಬಂದವರನ್ನು ಕೂರಿಸಿ ಕೇಳಿದರು, ಬಂದ ಕಾಗದಗಳನ್ನು ನಕಲು ಮಾಡಿದರು, ಎಲ್ಲವನ್ನೂ ಟೈಪ್ ಮಾಡಿ ಒಂದೊಂದಕ್ಕೂ ನಂಬರ್ ಕೊಟ್ಟರು. ಹೀಗೆ 350ಕ್ಕೂ ಹೆಚ್ಚು ವರದಿಗಳು ಕೂಡಿದವು. ಕೆಲವು ಬರೀ ನಾಲ್ಕು ಸಾಲು, ಕೆಲವು ಹತ್ತಾರು ಪುಟ. ಬಹುಪಾಲಿನಲ್ಲಿ ಹೇಳಿದವರ ಹೆಸರಿಲ್ಲ, ಯಾಕೆಂದರೆ ಅವರ ಅಪ್ಪ ಅಮ್ಮನೋ ಅಣ್ಣ ತಮ್ಮಂದಿರೋ ಇನ್ನೂ ಆ ಕಡೆಯೇ ಇದ್ದರು.

ಇಡೀ ಸಂಗ್ರಹದಲ್ಲಿ ಒಂದನ್ನು ಆರಿಸು ಅಂದರೆ ನಾನು ಇದನ್ನೇ ಆರಿಸುತ್ತೇನೆ. ಕಾರಣ ಇಷ್ಟು: ಈ ವರದಿ ಕೊಟ್ಟವರಿಗೆ ನಾಜಿಗಳ ಸಾಮೂಹಿಕ ಕೊಲೆಯ ಶಿಬಿರವಾದ ಆಶ್‌ವಿಟ್ಜ್ ಗೊತ್ತಿಲ್ಲ. ಅದು ಇನ್ನೂ ಆಗಿರಲಿಲ್ಲ. ಅವರ ಚಿಂತೆ ವೀಸಾ ಸಿಗುತ್ತದಾ, ಅಂಗಡಿಗೆ ವಿಮೆ ಬರುತ್ತದಾ, ಶಿಬಿರದಿಂದ ಗಂಡ ಯಾವಾಗ ಬರುತ್ತಾನೆ ಅನ್ನುವುದು. ಯುದ್ಧ ಮುಗಿದ ಮೇಲೆ ಬರೆದ ಯಾವ ನೆನಪಿನಲ್ಲೂ ಇದು ಸಿಗುವುದಿಲ್ಲ. ಆಗ ಹೇಳುವವರಿಗೆ ಕೊನೆ ಗೊತ್ತಿರುತ್ತದೆ, ಆ ಕೊನೆ 1938ರ ನೆನಪಿನ ಮೇಲೂ ಹರಡಿಕೊಳ್ಳುತ್ತದೆ. ಘಟನೆ ನಡೆದ ವಾರಗಳಲ್ಲೇ ಬರೆದುಕೊಂಡಿದ್ದರಿಂದ ಮಾತ್ರ ಆ ಗೊತ್ತಿಲ್ಲದಿರುವಿಕೆ ನಮಗೆ ಉಳಿಯಿತು.

ಲಂಡನ್, ಮತ್ತು ಹಿಂದೆ ಉಳಿದವರು

ಯುದ್ಧ ಬಂದರೆ ಹಾಲೆಂಡ್ ಸೇಫ್ ಅಲ್ಲ ಅಂತ ವೀನರ್‌ಗೆ ಅನ್ನಿಸಿತ್ತು. 1939ರ ಬೇಸಿಗೆಯಲ್ಲಿ ಸಂಗ್ರಹವನ್ನು ಪೆಟ್ಟಿಗೆಗಳಿಗೆ ತುಂಬಿ ಲಂಡನ್ನಿಗೆ ಸಾಗಿಸಿದರು. ಮ್ಯಾಂಚೆಸ್ಟರ್ ಸ್ಕ್ವೇರ್‌ನ 19ನೇ ನಂಬರ್ ಕಟ್ಟಡದಲ್ಲಿ ಬಾಗಿಲು ತೆರೆದ ದಿನ ಸೆಪ್ಟೆಂಬರ್ 1. ಅವತ್ತೇ ಹಿಟ್ಲರನ ಸೈನ್ಯ ಪೋಲೆಂಡಿಗೆ ನುಗ್ಗಿತು.

ಈಗ ಬಂದ ಗಿರಾಕಿ ಭಾರಿ ಗಿರಾಕಿ: ಬ್ರಿಟಿಷ್ ಸರ್ಕಾರ. ಮಾಹಿತಿ ಸಚಿವಾಲಯಕ್ಕೆ, ಬಿಬಿಸಿಗೆ, ಗುಪ್ತಚರ ಕೆಲಸದವರಿಗೆ ನಾಜಿ ಜರ್ಮನಿಯ ಒಳಗಿನ ವಿವರ ಬೇಕಿತ್ತು. ಯಾವ ಅಧಿಕಾರಿ ಯಾರು, ಅವನು ಹಿಂದೆ ಏನು ಬರೆದಿದ್ದಾನೆ, ಪಕ್ಷದ ಯಾವ ವಿಭಾಗ ಯಾರ ಕೈಕೆಳಗೆ ಬರುತ್ತದೆ ಅನ್ನುವುದೆಲ್ಲ ಇವರ ಹತ್ತಿರ ಜೋಡಿಸಿಟ್ಟು ತಯಾರಿತ್ತು. ಸರ್ಕಾರ ದುಡ್ಡು ಕೊಟ್ಟಿತು. ಅಧಿಕಾರಿಗಳು ಉದ್ದ ಹೆಸರು ಹೇಳುವ ಬದಲು ಡಾಕ್ಟರ್ ವೀನರ್ ಲೈಬ್ರರಿ ಅಂತ ಕರೆಯತೊಡಗಿದರು, ಕೊನೆಗೆ ಅದೇ ಗಟ್ಟಿಯಾಯಿತು. ವೀನರ್ ಮಾತ್ರ 1940ರಲ್ಲಿ ಅಮೆರಿಕಕ್ಕೆ ಹೋದರು, ಯುದ್ಧದ ಉದ್ದಕ್ಕೂ ಅಲ್ಲಿಂದಲೇ ಸಾಮಗ್ರಿ ಕೂಡಿಸಿ ಕಳಿಸುತ್ತಿದ್ದರು. ಲಂಡನ್ನಿನ ದಿನನಿತ್ಯದ ಹೊಣೆ ಲೂಯಿಸ್ ಬಾಂಡಿ ಅವರ ಮೇಲೆ ಬಿತ್ತು.

ಹೆಂಡತಿ ಮಾರ್ಗರೆಟ್ ಮತ್ತು ಮೂವರು ಹೆಣ್ಣುಮಕ್ಕಳು ರೂತ್, ಎವಾ, ಮಿರಿಯಮ್ ಆಮ್‌ಸ್ಟರ್‌ಡಾಮಿನಲ್ಲೇ ಇದ್ದರು. ಅವರೂ ಹಿಂದೆಯೇ ಬರಬೇಕಿತ್ತು. 1940ರ ಮೇ ತಿಂಗಳಲ್ಲಿ ಜರ್ಮನ್ನರು ಹಾಲೆಂಡ್ ಹಿಡಿದರು, ದಾರಿ ಮುಚ್ಚಿತು. 1943ರಲ್ಲಿ ನಾಲ್ವರನ್ನೂ ವೆಸ್ಟರ್‌ಬೋರ್ಕ್ ಶಿಬಿರಕ್ಕೆ, 1944ರ ಜನವರಿಯಲ್ಲಿ ಬೆರ್ಗನ್-ಬೆಲ್ಸನ್‌ಗೆ ಒಯ್ದರು. ಪರಾಗ್ವೆ ದೇಶದ ಸುಳ್ಳು ಪಾಸ್‌ಪೋರ್ಟ್ ಇದ್ದದ್ದರಿಂದ 1945ರ ಜನವರಿಯ ಕೈದಿ ವಿನಿಮಯದಲ್ಲಿ ಅವರಿಗೆ ಜಾಗ ಸಿಕ್ಕಿತು. ಸ್ವಿಟ್ಜರ್ಲೆಂಡ್ ಗಡಿ ದಾಟಿದ ಬೆನ್ನಲ್ಲೇ ಮಾರ್ಗರೆಟ್ ತೀರಿಕೊಂಡರು. ಹಸಿವಿನಿಂದ ಅಷ್ಟು ಕುಗ್ಗಿಹೋಗಿದ್ದರು. ಮಕ್ಕಳು ಹಡಗು ಹತ್ತಿ ನ್ಯೂಯಾರ್ಕಿನಲ್ಲಿ ಅಪ್ಪನನ್ನು ಸೇರಿದರು.

ಕಾಗದ ಪಾರಾಯಿತು, ಮನೆಯವರು ಸಿಕ್ಕಿಬಿದ್ದರು ಅಂತ ಇದನ್ನು ನಾಟಕೀಯವಾಗಿ ಹೇಳುವವರಿದ್ದಾರೆ. ನನಗೆ ಹಾಗೆ ಹೇಳುವುದು ಸರಿ ಅನ್ನಿಸುವುದಿಲ್ಲ. 1939ರಲ್ಲಿ ಯಾರಿಗೂ ಯಾವುದನ್ನು ಮೊದಲು ಸಾಗಿಸಬೇಕು ಅಂತ ಲೆಕ್ಕ ಹಾಕುವಷ್ಟು ಮುಂದಿನದು ಕಾಣುತ್ತಿರಲಿಲ್ಲ. ಹೀಗೆಲ್ಲ ನಡೆಯಬಹುದು ಅಂತ ಎಲ್ಲರಿಗಿಂತ ಮೊದಲು ಹೇಳಿದ ಮನುಷ್ಯನಿಗೂ ಕಾಣಲಿಲ್ಲ.

ಸರ್ಕಾರ ಎದ್ದು ಹೋಯಿತು

ಯುದ್ಧ ಮುಗಿಯಿತು. ನಾಜಿ ಮುಖಂಡರ ಮೇಲೆ ನಡೆದ ನ್ಯೂರೆಂಬರ್ಗ್ ವಿಚಾರಣೆಯ ಸರ್ಕಾರಿ ವಕೀಲರು ಈ ಸಂಗ್ರಹ ಬಳಸಿಕೊಂಡರು. ಅದಾದ ಮೇಲೆ ಸರ್ಕಾರಕ್ಕೆ ಇದರ ಅಗತ್ಯ ತೀರಿತು, ದುಡ್ಡೂ ನಿಂತಿತು. ಈ ಹೊತ್ತಿಗೆ ಲೈಬ್ರರಿ ಮುಚ್ಚಿದ್ದರೆ ಯಾರಿಗೂ ಆಶ್ಚರ್ಯವಾಗುತ್ತಿರಲಿಲ್ಲ. ಯಾವ ಹೋರಾಟಕ್ಕೆ ಹುಟ್ಟಿತ್ತೋ ಅದು ಮುಗಿದಿತ್ತಲ್ವಾ.

ವೀನರ್ ಮುಚ್ಚಲಿಲ್ಲ. ಪಾಳುಬಿದ್ದ ಜರ್ಮನಿಯಿಂದ ಪುಸ್ತಕ, ಕಾಗದ ತರಿಸಿದರು. 1946ರಲ್ಲಿ ಒಂದು ಪತ್ರಿಕೆ ಶುರುವಾಯಿತು. ಇಲ್ಸೆ ವೋಲ್ಫ್ ಗ್ರಂಥಸೂಚಿಗಳನ್ನು ತಯಾರಿಸಿದರು, ಅವು ಅಚ್ಚಾಗಿ ಬಂದ ಮೇಲೆ ಇಲ್ಲಿ ಏನೇನಿದೆ ಅಂತ ಹೊರಗಿನವರಿಗೆ ತಿಳಿಯತೊಡಗಿತು. ಈ ಕೆಲಸಕ್ಕೆ ಚಪ್ಪಾಳೆ ಸಿಗುವುದು ಕಮ್ಮಿ. ಸೂಚಿ ಇಲ್ಲದ ಸಂಗ್ರಹ ಗೋಡೌನ್ ಆಗುತ್ತದೆ, ಅಷ್ಟೇ.

ಸಂಗ್ರಹದಲ್ಲಿ ಇರುವುದಾದರೂ ಏನು ಅಂತ ಇಲ್ಲಿ ಸ್ವಲ್ಪ ಹೇಳಬೇಕು. ನಾಜಿ ವಿರೋಧಿಗಳು ಜರ್ಮನಿಯೊಳಗೆ ಕದ್ದು ಸಾಗಿಸಿದ ಕರಪತ್ರಗಳು ದೊಡ್ಡ ಸಂಖ್ಯೆಯಲ್ಲಿವೆ. ಅವನ್ನು ಚಹಾ ಪ್ಯಾಕೆಟ್, ಶಾಂಪೂ ಪ್ಯಾಕೆಟ್‌ಗಳ ಒಳಗೆ ಅಡಗಿಸಿದ್ದರು. ಇನ್ನು ಕೆಲವಕ್ಕೆ ಯಾವುದೋ ಬೇರೆ ಹೊತ್ತಿಗೆಯ ರಕ್ಷಾಪುಟ ಹಾಕಿದ್ದರು. ಮೊದಲ ಪುಟದಲ್ಲಿ ನಿರಪಾಯದ ಸಂಗತಿ, ತಿರುಗಿಸಿದರೆ ರಾಜಕೀಯ. ಮಕ್ಕಳು ಕೂತು ಆಡುವ ಒಂದು ಬೋರ್ಡ್ ಆಟವೂ ಇದೆ. ಡ್ರೆಸ್ಡೆನ್‌ನ ಕಂಪನಿಯೊಂದು 1930ರ ದಶಕದ ಕೊನೆಗೆ ಮಾಡಿದ್ದು. ದಾಳ ಹಾಕಿ ಯಹೂದಿಗಳನ್ನು ಊರಾಚೆ ಓಡಿಸಿದವರು ಗೆದ್ದಂತೆ. ವಿಚಿತ್ರ ಅಂದರೆ ನಾಜಿ ಪಕ್ಷದ ಸಶಸ್ತ್ರ ದಳವಾದ ಎಸ್‌ಎಸ್‌ನವರ ಪತ್ರಿಕೆಯೇ ಇದನ್ನು ಬೈದು ಬರೆದಿತ್ತು, ತಮ್ಮ ಗಂಭೀರ ನೀತಿಯನ್ನು ಆಟಿಕೆ ಮಾಡಿದರು ಅಂತ! ಸರ್ಕಾರಿ ಕಡತದಲ್ಲಿ ಇಂಥವು ಸಿಗುವುದಿಲ್ಲ. ಯಾರ ಆದೇಶವೂ ಇಲ್ಲದೆ ಒಬ್ಬ ಸಾಮಾನ್ಯ ವ್ಯಾಪಾರಿ ಲಾಭಕ್ಕಾಗಿ ಮಾಡಿದ ವಸ್ತು ಅದು, ದ್ವೇಷ ಎಷ್ಟು ಮನೆಮಾತಾಗಿತ್ತು ಅನ್ನುವುದಕ್ಕೆ ಆದೇಶಕ್ಕಿಂತ ಇದೇ ಗಟ್ಟಿ ಸಾಕ್ಷಿ. ನಮ್ಮಲ್ಲಿ ತುರ್ತು ಪರಿಸ್ಥಿತಿಯಲ್ಲಿ ಕದ್ದು ಹಂಚಿದ ಸೈಕ್ಲೋಸ್ಟೈಲ್ ಹಾಳೆಗಳು, 1982ರ ಗೋಕಾಕ್ ಚಳವಳಿಯ ಕರಪತ್ರಗಳು ಎಷ್ಟು ಮನೆಯ ಅಟ್ಟದಲ್ಲಿ ಗೆದ್ದಲು ಹಿಡಿದಿವೆಯೋ. ಇರಲಿ.

1950ರ ದಶಕದ ನಡುವೆ ಲೈಬ್ರರಿಯ ಸಂಶೋಧನೆಯ ಹೊಣೆ ಹೊತ್ತಿದ್ದ ಎವಾ ರೈಖ್‌ಮಾನ್ ಒಂದು ದೊಡ್ಡ ಕೆಲಸ ಕೈಗೆತ್ತಿಕೊಂಡರು. ಅವರೂ ಬರ್ಲಿನ್ನಿನ ಆ ಹಳೇ ಸಂಘದವರೇ. ಗಂಡ ಹಾನ್ಸ್ ವಿಲ್ಹೆಲ್ಮ್‌ಸ್ಟ್ರಾಸೆ ಕಚೇರಿಯಲ್ಲಿ ದುಡಿದವರು, 1938ರಲ್ಲಿ ಜಾಕ್ಸನ್‌ಹೌಸನ್ ಶಿಬಿರ ಕಂಡು ಬಂದವರು. ಬದುಕಿ ಉಳಿದವರ ಮಾತನ್ನು ಅವರು ಇರುವಾಗಲೇ ದಾಖಲಿಸಬೇಕು ಅಂತ ಎವಾ ಹಟ ಹಿಡಿದರು. ದುಡ್ಡು ಬಂದದ್ದು ಜರ್ಮನಿಯಿಂದ ಪರಿಹಾರ ಪಡೆಯಲು ಯಹೂದಿ ಸಂಘಟನೆಗಳು ಕಟ್ಟಿಕೊಂಡ ಕ್ಲೇಮ್ಸ್ ಕಾನ್ಫರೆನ್ಸ್‌ನಿಂದ. ಹಲವು ದೇಶಗಳಲ್ಲಿ, ಹಲವು ಭಾಷೆಗಳಲ್ಲಿ 1,300ಕ್ಕೂ ಹೆಚ್ಚು ಹೇಳಿಕೆಗಳು ಕೂಡಿದವು.

ವಿಧಾನ ಹೀಗಿತ್ತು. ಕೇಳಲು ಹೋಗುತ್ತಿದ್ದವರಲ್ಲಿ ಬಹಳಷ್ಟು ಜನ ತಾವೂ ನಿರಾಶ್ರಿತರೇ. ಮಾತನಾಡುವಾಗ ಟಿಪ್ಪಣಿ ಮಾಡಿಕೊಂಡು, ಆಮೇಲೆ ವರದಿಯಾಗಿ ಟೈಪ್ ಮಾಡಿ, ಹೇಳಿದವರಿಗೆ ತೋರಿಸಿ ಸಹಿ ಹಾಕಿಸುವುದು. ಮೇಲೊಂದು ಮುಖಪುಟ: ಯಾರು ದಾಖಲಿಸಿದರು, ಯಾವಾಗ, ಎಷ್ಟು ಪುಟ, ಒಳಗೆ ಯಾವ ಊರು ಯಾವ ಶಿಬಿರದ ಪ್ರಸ್ತಾಪ ಇದೆ. ಈ ಮುಖಪುಟ ಇದ್ದದ್ದರಿಂದಲೇ ಇಷ್ಟು ವರ್ಷದ ನಂತರವೂ ಹುಡುಕಿದ್ದು ಸಿಗುತ್ತದೆ. ಇದರ ಕೊರತೆಯನ್ನೂ ಹೇಳಬೇಕು. ಟೇಪ್ ಇಲ್ಲ. ಹೇಳಿದವರ ತಡವರಿಕೆ, ಮೌನ, ಊರ ಮಾತಿನ ಧಾಟಿ ಎಲ್ಲ ಕಳೆದುಹೋಗಿ ಬರೆದುಕೊಂಡವರ ಒಪ್ಪವಾದ ಗದ್ಯ ಉಳಿದಿದೆ. 1946ರಲ್ಲೇ ಅಮೆರಿಕದ ಮನಶ್ಶಾಸ್ತ್ರಜ್ಞ ಡೇವಿಡ್ ಬೋಡರ್ ತಂತಿಯ ಮೇಲೆ ದನಿ ಹಿಡಿಯುವ ಯಂತ್ರ ಹೊತ್ತುಕೊಂಡು ಯುರೋಪಿನ ನಿರಾಶ್ರಿತರನ್ನು ಮಾತನಾಡಿಸಿದ್ದರು, ಅಂದರೆ ತಂತ್ರ ಇರಲಿಲ್ಲ ಅನ್ನುವ ಹಾಗಿಲ್ಲ. ಆದರೆ ಆ ದಶಕದ ಇತಿಹಾಸಕಾರರು ಬಹುಪಾಲು ನಾಜಿಗಳೇ ಬಿಟ್ಟುಹೋದ ಕಡತಗಳನ್ನು ನಂಬಿ ಬರೆಯುತ್ತಿದ್ದರು, ಅನುಭವಿಸಿದವರ ಮಾತಿಗೆ ಕಿವಿ ಕೊಟ್ಟವರು ಕಮ್ಮಿ. ಆ ಗಾಳಿಗೆ ಎದುರಾಗಿ ಇಷ್ಟು ಮಾಡಿದ್ದು ದೊಡ್ಡದೇ.

ವಿದ್ವಾಂಸರ ಕಾಲ

1950ರ ದಶಕದ ಕೊನೆಯ ಹೊತ್ತಿಗೆ ಲೈಬ್ರರಿ ಡೆವನ್‌ಶೈರ್ ಬೀದಿಗೆ ಜಾಗ ಬದಲಿಸಿತ್ತು. 1964ರಲ್ಲಿ ವೀನರ್ ತೀರಿಕೊಂಡರು. ಚುಕ್ಕಾಣಿ ವಾಲ್ಟರ್ ಲಾಕರ್ ಅವರ ಕೈಗೆ ಬಂತು. 1921ರಲ್ಲಿ ಬ್ರೆಸ್ಲಾವ್‌ನಲ್ಲಿ ಹುಟ್ಟಿ 1938ರಲ್ಲಿ ಪ್ಯಾಲೆಸ್ಟೈನಿಗೆ ತಪ್ಪಿಸಿಕೊಂಡವರು, ಅಪ್ಪ ಅಮ್ಮ ಇಬ್ಬರನ್ನೂ ನಾಜಿಗಳಿಂದ ಕಳೆದುಕೊಂಡವರು. ಲಾಕರ್ ಈ ಜಾಗಕ್ಕೆ ಸಮಕಾಲೀನ ಇತಿಹಾಸದ ಸಂಸ್ಥೆ ಅನ್ನುವ ರೂಪ ಕೊಟ್ಟರು. 1966ರಲ್ಲಿ ಇತಿಹಾಸಕಾರ ಜಾರ್ಜ್ ಮಾಸ್ ಜೊತೆ ಸೇರಿ 'ಜರ್ನಲ್ ಆಫ್ ಕಂಟೆಂಪೊರರಿ ಹಿಸ್ಟರಿ' ತಂದರು. ಮೊದಲ ಸಂಚಿಕೆಯ ವಿಷಯ ಫ್ಯಾಸಿಸಂ.

ಆ ಕಾಲದಲ್ಲಿ ಇದು ಸುಲಭದ ಮಾತಾಗಿರಲಿಲ್ಲ. ಬ್ರಿಟನ್ನಿನ ಸರ್ಕಾರಿ ಕಡತಗಳು 50 ವರ್ಷ ಬೀಗದಲ್ಲಿರುತ್ತಿದ್ದವು. 1967ರ ಕಾಯ್ದೆ ಬಂದು ಅದು 30ಕ್ಕೆ ಇಳಿಯಿತು. ಕಡತವೇ ಇಲ್ಲದೆ ನಿನ್ನೆ ಮೊನ್ನೆಯದ್ದನ್ನು ಇತಿಹಾಸ ಅಂತ ಹೇಗೆ ಬರೆಯುತ್ತೀರಿ, ಅದು ಪತ್ರಿಕೋದ್ಯಮ ಆಗುತ್ತದೆ ಅಂತ ಮೂಗು ಮುರಿಯುವವರಿದ್ದರು. ಇಂಥ ಹೊತ್ತಲ್ಲಿ ಯಾರ ಅನುಮತಿಯೂ ಬೇಡದ ವೀನರ್ ಸಂಗ್ರಹದ ಬೆಲೆ ಏರಿತು. ಪತ್ರಿಕೆ ತುಣುಕಿಗೆ 30 ವರ್ಷದ ಬೀಗ ಹಾಕುವುದು ಯಾರಿಗೂ ಸಾಧ್ಯವಿಲ್ಲ. ಮ್ಯೂನಿಕ್‌ನಲ್ಲಿ 1949ರಲ್ಲೇ ಸಮಕಾಲೀನ ಇತಿಹಾಸದ ಸಂಸ್ಥೆ ಶುರುವಾಗಿತ್ತು, ಆದರೆ ಅದರ ಬೆನ್ನಿಗೆ ಜರ್ಮನ್ ಸರ್ಕಾರವಿತ್ತು. ಲಂಡನ್ನಿನವರಿಗೆ ದಾನಿಗಳೇ ಗತಿ.

ಪೆಟ್ಟಿಗೆ ಕಟ್ಟಿದ ಮೇಲೆ ಮನಸ್ಸು ಬದಲಾದದ್ದು

1970ರ ದಶಕದಲ್ಲಿ ಬ್ರಿಟನ್ನಿನಲ್ಲಿ ಬೆಲೆ ಏರಿಕೆ ತಲೆಕೆಟ್ಟು ಹೋಯಿತು. 1975ರಲ್ಲಿ ಅದು ಶೇಕಡ 24ರ ಹತ್ತಿರ. ಮೊದಲಿನಿಂದ ಕೈಹಿಡಿದಿದ್ದ ದಾನಿಗಳಿಗೆ, ಅಂದರೆ ಜರ್ಮನಿಯಿಂದ ಬಂದ ನಿರಾಶ್ರಿತರ ಮೊದಲ ತಲೆಮಾರಿಗೆ, ವಯಸ್ಸಾಗಿತ್ತು. 1974ರ ಹೊತ್ತಿಗೆ ದುಡ್ಡಿನ ಮುಗ್ಗಟ್ಟು ಮಿತಿಮೀರಿ, ಇಡೀ ಲೈಬ್ರರಿಯನ್ನು ಟೆಲ್ ಅವೀವ್ ವಿಶ್ವವಿದ್ಯಾಲಯಕ್ಕೆ ಒಪ್ಪಿಸುವ ತೀರ್ಮಾನವಾಯಿತು. ಸಾಗಿಸುವ ಮೊದಲು ದೊಡ್ಡ ಪಾಲನ್ನು ಮೈಕ್ರೋಫಿಲ್ಮ್ ಮಾಡಿದರು, ಅಂದರೆ ಪುಟಗಳ ಪುಟ್ಟ ಚಿತ್ರಗಳನ್ನು ಫಿಲ್ಮ್ ಸುರುಳಿಯಲ್ಲಿ ಹಿಡಿದಿಟ್ಟರು. ಪೆಟ್ಟಿಗೆಗಳು ಹೋಗಲು ಶುರುವಾದ ಮೇಲೆ, 1980ರಲ್ಲಿ, ತೀರ್ಮಾನ ಕೈಬಿಟ್ಟರು. ಅಷ್ಟರಲ್ಲಿ ಪುಸ್ತಕಗಳ ಬಹುಪಾಲು ಟೆಲ್ ಅವೀವ್ ಸೇರಿಯಾಗಿತ್ತು. ಅಲ್ಲಿ ಅದೇ ಹೆಸರಿನ ಪ್ರತ್ಯೇಕ ಲೈಬ್ರರಿ ಆಯಿತು, ಲಂಡನ್ನಿನವರ ಕೈಯಲ್ಲಿ ಆ ಪುಸ್ತಕಗಳ ಮೈಕ್ರೋಫಿಲ್ಮ್ ಸುರುಳಿ ಉಳಿಯಿತು.

ವೀನರ್ ಬಗ್ಗೆ ಮೊದಲು ಹೇಳಿದ್ದು ಇಲ್ಲಿ ಬೇಕಾಗುತ್ತದೆ. ಪ್ಯಾಲೆಸ್ಟೈನಿಗೆ ಹೋಗುವುದು ಪರಿಹಾರವಲ್ಲ ಅಂತ ವಾದಿಸಿದವರ ಪುಸ್ತಕಗಳು ಕೊನೆಗೆ ಅಲ್ಲಿಗೇ ಹೋದವು. ಇಷ್ಟೆಲ್ಲ ಆದ ಮೇಲೆ ಹಾಗೆ ಹೋದದ್ದರಲ್ಲಿ ಒಂದು ನ್ಯಾಯ ಇದೆ ಅನ್ನುವವರೂ ಇದ್ದಾರೆ. ನನ್ನ ತಕರಾರು ಜಾಗದ ಬಗ್ಗೆ ಅಲ್ಲ, ಒಡೆದದ್ದರ ಬಗ್ಗೆ. ಪುಸ್ತಕ, ತುಣುಕು, ಹೇಳಿಕೆ ಎಲ್ಲ ಒಂದೇ ಕಪಾಟಿನ ಸಾಲಿನಲ್ಲಿ ಇದ್ದದ್ದೇ ಈ ಸಂಗ್ರಹದ ಶಕ್ತಿ. ಅವನ್ನು ಕೂಡಿಸಿದವರು ಒಬ್ಬರೇ, ಕೂಡಿಸಿದ ಉದ್ದೇಶ ಒಂದೇ. ಪೂರ್ತಿ ಹೋಗಿದ್ದರೂ ಸರಿ, ಪೂರ್ತಿ ಉಳಿದಿದ್ದರೂ ಸರಿ. ಅರ್ಧ ದಾರಿಯಲ್ಲಿ ನಿರ್ಧಾರ ತಿರುಗಿಸಿದ್ದು ಎರಡಕ್ಕಿಂತ ಕೆಟ್ಟದ್ದು. ಮೈಕ್ರೋಫಿಲ್ಮ್ ಇತ್ತಲ್ಲ ಅಂದರೆ, ಆ ಯಂತ್ರದ ಮುಂದೆ ಒಂದು ಮಧ್ಯಾಹ್ನ ಕಣ್ಣು ಕಿರಿದು ಮಾಡಿ ಕೂತವರು ಅದನ್ನು ಪುಸ್ತಕಕ್ಕೆ ಸಮ ಅಂತ ಹೇಳಲಾರರು.

ಆದರೂ ಒಂದು ಮಾತು ಒಪ್ಪಬೇಕು. 1974ರಲ್ಲಿ ತೀರ್ಮಾನ ಮಾಡಿದವರ ಮುಂದೆ ಇದ್ದದ್ದು ಲಂಡನ್ನೋ ಟೆಲ್ ಅವೀವೋ ಅನ್ನುವ ಆಯ್ಕೆ ಮಾತ್ರ ಅಲ್ಲ, ಬೀಗ ಹಾಕುವುದು ಅನ್ನುವ ಮೂರನೆಯದೂ ಇತ್ತು. ಆಗಿನ ಬ್ರಿಟನ್ನಿನಲ್ಲಿ ಹೋಲೊಕಾಸ್ಟ್, ಅಂದರೆ ನಾಜಿಗಳು ನಡೆಸಿದ ಯಹೂದಿಗಳ ಸಾಮೂಹಿಕ ಕೊಲೆಯ ಬಗ್ಗೆ ಸಾರ್ವಜನಿಕ ಆಸಕ್ತಿ ಇವತ್ತಿನಷ್ಟು ಇರಲಿಲ್ಲ. ಶಾಲೆಯ ಪಠ್ಯಕ್ಕೆ ಅದು ಕಡ್ಡಾಯವಾಗಿ ಬಂದದ್ದೇ 1990ರ ದಶಕದ ಶುರುವಿನಲ್ಲಿ. ಮುಂದಿನ ಬಳಕೆದಾರರು ಬರುವ ಮೊದಲೇ ಹಿಂದಿನವರು ಹೊರಟುಹೋಗಿದ್ದ ಖಾಲಿ ವರ್ಷಗಳು ಅವು.

ಮನೆಯವರನ್ನು ಹುಡುಕಿ ಬರುವವರು

ಮುಂದಿನ ಮೂವತ್ತು ವರ್ಷ ಲಂಡನ್ನಿನಲ್ಲಿ ಪುಸ್ತಕ ಸಂಗ್ರಹ ಮತ್ತೆ ಬೆಳೆಯಿತು. ತೀರಿಹೋದ ನಿರಾಶ್ರಿತರ ಮಕ್ಕಳು ಮೊಮ್ಮಕ್ಕಳು ಮನೆಯ ಕಾಗದ, ಫೋಟೊ, ಪತ್ರಗಳನ್ನು ತಂದುಕೊಟ್ಟರು. 2011ರಲ್ಲಿ ಲೈಬ್ರರಿ ರಸೆಲ್ ಸ್ಕ್ವೇರ್‌ನ 29ನೇ ನಂಬರ್ ಕಟ್ಟಡಕ್ಕೆ ಬಂತು, ಬ್ರಿಟಿಷ್ ಮ್ಯೂಸಿಯಂನಿಂದ ನಡೆದು ಹೋಗುವಷ್ಟು ದೂರ. 2019ರಲ್ಲಿ ಹೆಸರಿನ ನಡುವೆ ಹೋಲೊಕಾಸ್ಟ್ ಅನ್ನುವ ಪದ ಸೇರಿತು. ಹೊರಗಿನಿಂದ ಬಂದವರಿಗೆ ಒಳಗೇನಿದೆ ಅಂತ ಗೊತ್ತಾಗಲಿ ಅನ್ನುವುದು ಸರಿಯೇ. ಆದರೆ 1933ರಲ್ಲಿ ಹೋಲೊಕಾಸ್ಟ್ ಅನ್ನುವುದು ಇನ್ನೂ ನಡೆದೇ ಇರಲಿಲ್ಲ, ಆಗಿನವರು ಕೂಡಿಸಿದ್ದು ಬೇರೆಯದನ್ನು, ಈ ಹೊಸ ಹೆಸರಿನಲ್ಲಿ ಅದು ಸ್ವಲ್ಪ ಮರೆಯಾಗುತ್ತದೆ ಅಂತ ನನಗೆ ಅನ್ನಿಸುತ್ತದೆ.

ಈಗಿನ ಬಳಕೆದಾರರಲ್ಲಿ ಬಹಳ ಜನ ವಿದ್ವಾಂಸರಲ್ಲ. ಜರ್ಮನಿಯ ಬಾಡ್ ಆರೊಲ್ಸನ್‌ನಲ್ಲಿ ಯುದ್ಧದಲ್ಲಿ ಕಾಣೆಯಾದವರನ್ನು ಹುಡುಕಲು ಕಟ್ಟಿದ ದೊಡ್ಡ ಸಂಗ್ರಹವಿದೆ, ಸುಮಾರು 3 ಕೋಟಿ ದಾಖಲೆ. ದಶಕಗಳ ಕಾಲ ಸಂಶೋಧಕರಿಗೆ ಅದರ ಬಾಗಿಲು ಮುಚ್ಚಿತ್ತು, ತೆರೆದದ್ದು 2007ರಲ್ಲಿ. ಅದರ ಡಿಜಿಟಲ್ ಪ್ರತಿಯನ್ನು ಬ್ರಿಟನ್ನಿನಲ್ಲಿ ಇಟ್ಟುಕೊಳ್ಳಲು ಆಯ್ಕೆಯಾದದ್ದು ವೀನರ್ ಲೈಬ್ರರಿ. ಅಜ್ಜನ ತಂಗಿ ಯಾವ ರೈಲಿನಲ್ಲಿ ಹೋದಳು, ಯಾವ ಶಿಬಿರದ ಪಟ್ಟಿಯಲ್ಲಿ ಕೊನೆಯ ಸಲ ಹೆಸರಿದೆ ಅಂತ ಕೇಳಿಕೊಂಡು ಬರುವ ಕುಟುಂಬಗಳಿಗೆ ಸಿಬ್ಬಂದಿ ಹುಡುಕಿಕೊಡುತ್ತಾರೆ. 2017ರಲ್ಲಿ ವಿಶ್ವಸಂಸ್ಥೆಯ ಯುದ್ಧಾಪರಾಧ ಆಯೋಗದ ಕಡತಗಳ ಪ್ರತಿಯೂ ಇಲ್ಲಿ ಓದಲು ಸಿಕ್ಕಿತು. 1943ರಲ್ಲಿ ಶುರುವಾದ ಆ ಆಯೋಗದ 17 ಸದಸ್ಯ ದೇಶಗಳಲ್ಲಿ ಭಾರತವೂ ಒಂದು, ಸ್ವಾತಂತ್ರ್ಯಕ್ಕೂ ಮೊದಲೇ. ನಮ್ಮವರು ಯಾರಾದರೂ ಕೂತು ಆ ಕಡತಗಳಲ್ಲಿ ಭಾರತದ ಪಾತ್ರ ಹುಡುಕಿದರೆ ಒಳ್ಳೆಯ ಸಂಶೋಧನೆ ಆದೀತು.

ಈ ಎಲ್ಲ ತಿರುವುಗಳಲ್ಲಿ ಒಂದು ವಿಷಯ ಗಮನಕ್ಕೆ ಬರುತ್ತದೆ. 1935ರಲ್ಲಿ ವಕೀಲರಿಗಾಗಿ, 1940ರಲ್ಲಿ ಸರ್ಕಾರಕ್ಕಾಗಿ ಜೋಡಿಸಿದ್ದು 1966ರಲ್ಲಿ ಪ್ರೊಫೆಸರರಿಗೆ, ಈಗ ಮೊಮ್ಮಕ್ಕಳಿಗೆ ಬಳಕೆಯಾಗುತ್ತಿದೆ. ಯಾವ ತಲೆಮಾರೂ ಮುಂದಿನವರಿಗೆ ಏನು ಬೇಕಾಗಬಹುದು ಅಂತ ಊಹಿಸಿ ಕೂಡಿಸಲಿಲ್ಲ. ತಮಗೆ ಆಗ ಬೇಕಿದ್ದದ್ದನ್ನು ತಾರೀಖು ಸಮೇತ ಇಟ್ಟರು. ಹೊಸದಾಗಿ ಸಂಗ್ರಹ ಶುರು ಮಾಡುವವರು ಮೊದಲ ಎರಡು ವರ್ಷ ಬರೀ ಯೋಜನಾ ವರದಿ ಬರೆಯುತ್ತಾ ಕೂರುವುದನ್ನು ನೋಡಿದರೆ ನನಗೆ ಇದೇ ನೆನಪಾಗುತ್ತದೆ.

ಓದಬೇಕು ಅನ್ನುವವರು ಲಂಡನ್ನಿಗೆ ಹೋಗಬೇಕಾಗಿಲ್ಲ. 1938ರ ವರದಿಗಳು, 1950ರ ದಶಕದ ಹೇಳಿಕೆಗಳು ಸ್ಕ್ಯಾನ್ ಆಗಿ, ಇಂಗ್ಲಿಷ್ ಅನುವಾದದ ಜೊತೆ ಅಂತರ್ಜಾಲದಲ್ಲಿ ಸಿಗುತ್ತವೆ. ಶುರು ಮಾಡುವುದಾದರೆ 1938ರ ಸಣ್ಣ ವರದಿಗಳಿಂದ ಮಾಡಿ. ಆಮೇಲೆ 1950ರ ದಶಕದ ಒಂದು ಹೇಳಿಕೆಯಲ್ಲಿ ಅದೇ ನವೆಂಬರ್ ರಾತ್ರಿಯ ಭಾಗ ಹುಡುಕಿ, ಎರಡನ್ನೂ ಪಕ್ಕಪಕ್ಕ ಇಟ್ಟು ಓದಿ.